ಕಲ್ಲಂಗಡಿಯ ಗೂಡುದೀಪ

(ಪಾಲಕೋಡಿನಲ್ಲಿ ಬೇಸಿಗೆ ರಜೆಯ ಮಕ್ಕಳ ಕೂಟಕ್ಕೆ ಮುಂಚೆ ಹೆತ್ತವರ ಎದುರು ಮಾಡಿದ ಭಾಷಣ)



ಬರುವ ಶನಿವಾರ ಸಂಜೆ ನಮ್ಮ ಮಕ್ಕಳ ರಜಾ ಕೂಟ ನಡೆಯಲಿದೆ. ಹಾಡು, ಓಟ, ಒಂದು ಸಣ್ಣ ನಾಟಕ, ಇವೆಲ್ಲ ಪ್ರತಿ ವರ್ಷ ಇರುವುದೇ. ಈ ಸಲ ಹೊಸದೊಂದನ್ನು ಸೇರಿಸಿದ್ದೇವೆ. ಕಲ್ಲಂಗಡಿ ಹಣ್ಣನ್ನು ಕೊರೆದು, ಒಳಗೆ ದೀಪವಿಟ್ಟು, ಅಂಗಳದ ಸುತ್ತ ಗೂಡುದೀಪಗಳ ಸಾಲು ಮಾಡಬೇಕೆಂದು ಮಕ್ಕಳು ಆಸೆಪಟ್ಟಿದ್ದಾರೆ. ಹತ್ತು ಹಣ್ಣುಗಳಿಗೆ ಹೇಳಿಯಾಗಿದೆ. ಕೆಲಸವನ್ನು ಹೇಗೆ ಮಾಡಬೇಕು, ಯಾರ ಕೈಗೆ ಏನು ಕೊಡಬೇಕು, ಯಾವುದಕ್ಕೆ ಎಚ್ಚರ ಬೇಕು ಎಂಬುದನ್ನು ನಿಮಗೆ ಮೊದಲೇ ತಿಳಿಸುವುದಕ್ಕಾಗಿ ಈ ಮಾತು.

ವಿಷಯ ಕೇಳಿದ ಕೂಡಲೇ ನಮ್ಮ ಲೈನಿನ ಹಿರಿಯ ತಾಯಿಯೊಬ್ಬರು ಒಂದು ಪ್ರಶ್ನೆ ಕೇಳಿದರು. “ತಿನ್ನೋ ಹಣ್ಣನ್ನ ಕೊರೆದು ಆಟ ಆಡೋದು ಯಾವ ನ್ಯಾಯ? ನಮ್ಮ ಕಾಲದಲ್ಲಿ ಹಣ್ಣು ಕಾಣ್ತಿದ್ದದ್ದೇ ಹಬ್ಬಕ್ಕೆ ಒಂದು ಹೋಳು” ಎಂದರು. ಅವರ ಪ್ರಶ್ನೆ ನ್ಯಾಯವಾದದ್ದು. ಹಸಿವನ್ನು ಕಂಡವರು ಮಾತ್ರ ಕೇಳಬಲ್ಲ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡದೆ ನಾವು ಒಂದು ಹಣ್ಣಿಗೂ ಚಾಕು ಹಾಕಬಾರದು.

ನಮ್ಮ ಉತ್ತರ ಇಷ್ಟೇ. ಹಣ್ಣು ಇರುವುದು ತಿನ್ನುವುದಕ್ಕೆ, ದೀಪ ಮಾಡುವುದು ಸಿಪ್ಪೆಯಲ್ಲಿ. ತಿಂದ ಮೇಲೆ ಹಸುವಿನ ಬಾಯಿಗೋ ತಿಪ್ಪೆಗೋ ಹೋಗುವ ಸಿಪ್ಪೆ, ಹೋಗುವ ಮುಂಚೆ ಒಂದು ರಾತ್ರಿ ಬೆಳಕು ಕೊಡಲಿ. ಆದರೆ ಹಾಗಾಗಬೇಕಾದರೆ ಕ್ರಮ ತಪ್ಪಬಾರದು. ಮೊದಲು ತಿನ್ನುವುದು, ಆಮೇಲೆ ಕೆತ್ತುವುದು. ಈ ಕ್ರಮ ತಿರುಗಿದರೆ ಅಜ್ಜಿಯ ಮಾತೇ ಸರಿ, ನಮ್ಮದು ತಪ್ಪು.

ಹಣ್ಣಿನ ಹಿಂದೆ ಇರುವ ಕೈಗಳು

ಪಾಲಕೋಡು ಟೊಮೆಟೊಗೂ ಮಾವಿಗೂ ಹೆಸರಾದ ಊರು. ಧರ್ಮಪುರಿಯಿಂದ ಹೊಸೂರಿಗೆ ಹೋಗುವ ಈ ದಾರಿಯಲ್ಲಿ ಪಾಲಕೋಡು, ಮಾರಂಡಹಳ್ಳಿ, ರಾಯಕೋಟೆ ದಾಟುವಾಗ ಬೇಸಿಗೆಯಲ್ಲಿ ರಸ್ತೆ ಬದಿಯಲ್ಲಿ ಕಲ್ಲಂಗಡಿಯ ರಾಶಿ ನೋಡುತ್ತೀರಿ. ಸಂತೆಯಲ್ಲಿ ತಮಿಳಿನವರು ಇದನ್ನು ದರ್ಪೂಸಣಿ ಎನ್ನುತ್ತಾರೆ, ನಾವು ಕಲ್ಲಂಗಡಿ ಎನ್ನುತ್ತೇವೆ, ಮಂಗಳೂರು ಕಡೆಯಿಂದ ಬಂದವರು ಬಚ್ಚಂಗಾಯಿ ಎನ್ನುತ್ತಾರೆ. ಹೆಸರು ಮೂರಾದರೂ ಹಣ್ಣು ಒಂದೇ, ಅದರ ಹಿಂದಿನ ಬೆವರೂ ಒಂದೇ.

ಬೇಸಿಗೆಯ ಬೆಳೆಗೆ ಡಿಸೆಂಬರ್, ಜನವರಿಯಲ್ಲಿ ಬೀಜ ಹಾಕುತ್ತಾರೆ. ಸುಮಾರು 75ರಿಂದ 90 ದಿನಗಳಲ್ಲಿ ಹಣ್ಣು ಕೊಯ್ಲಿಗೆ ಬರುತ್ತದೆ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನುನೊಣ ಒಂದರಿಂದ ಇನ್ನೊಂದಕ್ಕೆ ಹೋದರೆ ಮಾತ್ರ ಕಾಯಿ ಕಟ್ಟುತ್ತದೆ. ಹಣ್ಣಿನ ನೂರು ಪಾಲಿನಲ್ಲಿ ಸುಮಾರು 92 ಪಾಲು ನೀರೇ. ನಮ್ಮಂಥ ಒಣ ಸೀಮೆಯಲ್ಲಿ, ಬೇಸಿಗೆಯಲ್ಲಿ, ಒಬ್ಬ ರೈತ ಅಷ್ಟು ನೀರನ್ನು ಬಳ್ಳಿಗೆ ಉಣಿಸಿ ನಮ್ಮ ಕೈಗೆ ಕೊಡುತ್ತಾನೆ. ಕಳೆ ಕೀಳುವವರು ಹೆಂಗಸರು. ಲಾರಿಗೆ ತುಂಬುವವರು ಸಾಲಾಗಿ ನಿಂತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಎಸೆದು ಹಿಡಿಯುವುದನ್ನು ನೀವು ಕಂಡಿದ್ದೀರಿ. ಕಾಫಿ ಕೊಯ್ಲು ಮುಗಿಸಿ ಊರಿಗೆ ಬಂದ ನಿಮ್ಮಲ್ಲಿ ಕೆಲವರು ಆ ಸಾಲಿನಲ್ಲಿ ನಿಂತವರೂ ಇರಬಹುದು. ಆದುದರಿಂದ ಈ ಹಣ್ಣನ್ನು ಹಾಳು ಮಾಡುವುದೆಂದರೆ ಯಾರದೋ ಹಣ್ಣನ್ನಲ್ಲ, ನಮ್ಮ ದುಡಿಮೆಯನ್ನೇ ಹಾಳು ಮಾಡಿದಂತೆ.

ಈ ಹಣ್ಣು ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ, ಆಫ್ರಿಕಾದಿಂದ ಬಂದದ್ದು. ಮೂರು ಸಾವಿರ ವರ್ಷಗಳಿಗೂ ಹಿಂದೆ ಐಗುಪ್ತದವರು ಇದನ್ನು ಬಲ್ಲರು. 1922ರಲ್ಲಿ ಪತ್ತೆಯಾದ ತುತಾಂಖಾಮನ್ ಅರಸನ ಸಮಾಧಿಯಲ್ಲಿ ಕಲ್ಲಂಗಡಿಯ ಬೀಜಗಳು ಸಿಕ್ಕಿವೆ. ಅರಣ್ಯಕಾಂಡದ ಹನ್ನೊಂದನೇ ಅಧ್ಯಾಯವನ್ನು ಓದಿದವರಿಗೆ ನೆನಪಿರುತ್ತದೆ, ಮರಳುಗಾಡಿನಲ್ಲಿ ಬಾಯಾರಿದ ಇಸ್ರಾಯೇಲ್ಯರು ಐಗುಪ್ತದ ಸೌತೆಯನ್ನೂ ಈ ಜಾತಿಯ ಹಣ್ಣನ್ನೂ ನೆನೆದು ಅಳುತ್ತಾರೆ. ಇಟ್ಟಿಗೆ ಮಾಡಿ ಬೆನ್ನು ಮುರಿದುಕೊಂಡ ಜನ ಅವರು. ಸೆರೆಯ ದುಃಖದ ನಡುವೆಯೂ ಒಂದು ಹೋಳಿನ ತಂಪು ಅವರ ನಾಲಿಗೆಯಲ್ಲಿ ಉಳಿದಿತ್ತು. ಕೂಲಿಯ ಮನುಷ್ಯನಿಗೆ ಹಣ್ಣು ಎಂದರೆ ಏನು ಎಂಬುದು ಆ ಮಾತಿನಲ್ಲಿ ಇದೆ.

ಇನ್ನೊಂದು ಮಾತು. 2025ರ ಬೇಸಿಗೆಯಲ್ಲಿ ತಮಿಳುನಾಡಿನಲ್ಲಿ ಕಲ್ಲಂಗಡಿಗೆ ಸೂಜಿಯಿಂದ ಬಣ್ಣ ಹಾಕುತ್ತಾರೆಂಬ ಸುದ್ದಿ ಹಬ್ಬಿತು. ಜನ ಹೆದರಿ ಕೊಳ್ಳುವುದನ್ನು ಬಿಟ್ಟರು. ಬೆಲೆ ಬಿದ್ದುಹೋಯಿತು, ಹೊಲದಲ್ಲೇ ಹಣ್ಣು ಕೊಳೆಯಿತು ಎಂದು ಬೆಳೆಗಾರರು ಗೋಳಾಡಿದರು. ಸುದ್ದಿಗೆ ಕಾಲಿಲ್ಲದಿದ್ದರೂ ಓಡುತ್ತದೆ, ಪೆಟ್ಟು ಬೀಳುವುದು ಮಾತ್ರ ಹೊಲದವನಿಗೂ ಕೂಲಿಯವರಿಗೂ. ಸೂಜಿ ಚುಚ್ಚಿದ ಹಣ್ಣು ಚುಚ್ಚಿದ ಜಾಗದಿಂದಲೇ ಬೇಗ ಕೊಳೆಯುತ್ತದೆ, ವ್ಯಾಪಾರಿಗೆ ಅದರಿಂದ ಲಾಭವಿಲ್ಲ. ಇಡೀ ಹಣ್ಣನ್ನು ತಂದು, ನಮ್ಮ ಕೈಯಲ್ಲೇ ತೊಳೆದು, ನಮ್ಮ ಕಣ್ಣೆದುರಿಗೇ ಕೊರೆದರೆ ಒಳಗಿರುವುದೆಲ್ಲ ಕಾಣುತ್ತದೆ. ಹೆದರಿಕೆಗೆ ಅದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ಹಣ್ಣಿನ ದೀಪ ನಮಗೆ ಹೊಸದಲ್ಲ

ಇದು ಪರದೇಶದ ಶೋಕಿ ಎಂದು ಕೆಲವರು ಹೇಳಿದ್ದಾರೆ. ಹಾಗೇನೂ ಅಲ್ಲ. ನಮ್ಮ ನೆರೆಯ ಅಕ್ಕಂದಿರು ನಿಂಬೆಹಣ್ಣಿನ ರಸ ಹಿಂಡಿ, ಸಿಪ್ಪೆಯನ್ನು ತಿರುಗಿಸಿ ಬಟ್ಟಲು ಮಾಡಿ, ಎಣ್ಣೆ ಹಾಕಿ ದೀಪ ಹಚ್ಚುತ್ತಾರೆ. ಬೆಂಗಳೂರಿನ ಬನಶಂಕರಿ ಗುಡಿಯಲ್ಲಿ ಅಂಥ ನಿಂಬೆ ದೀಪಗಳನ್ನು ಎಷ್ಟೋ ಜನ ಕಂಡಿದ್ದಾರೆ. ದೀಪಾವಳಿಗೆ ಮನೆಯ ಮುಂದೆ ಬಿದಿರಿನ ಗೂಡುದೀಪ ಕಟ್ಟುವವರಿದ್ದಾರೆ. ನಾವೂ ಡಿಸೆಂಬರಿನಲ್ಲಿ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ, ನಕ್ಷತ್ರ ದೀಪ ಕಟ್ಟುತ್ತೇವೆ. ಕಾಗದದ ಬದಲು ಸಿಪ್ಪೆ ಬಂದಿದೆ, ಅಷ್ಟೇ ವ್ಯತ್ಯಾಸ.

ಹೊರದೇಶಗಳಲ್ಲೂ ಇದು ಬಡವರ ಕೈಕೆಲಸವಾಗಿಯೇ ಬೆಳೆದಿದೆ. ಐರ್ಲೆಂಡಿನ ಹಳ್ಳಿಗರು ಟರ್ನಿಪ್ ಎಂಬ ಗೆಡ್ಡೆಯನ್ನು ಕೊರೆದು ದೀಪ ಮಾಡುತ್ತಿದ್ದರು. ಹಸಿವಿನಿಂದ ಊರು ಬಿಟ್ಟು, ಕೂಲಿ ಹುಡುಕಿ ಹಡಗು ಹತ್ತಿ ಅಮೆರಿಕಾ ಸೇರಿದಾಗ ಅಲ್ಲಿ ಸಿಕ್ಕ ಕುಂಬಳಕಾಯಿಯಲ್ಲಿ ಅದನ್ನೇ ಮಾಡಿದರು. ಕುಂಬಳಕಾಯಿ ಬಲಿಯದ ಬೇಸಿಗೆಯಲ್ಲಿ ಈಗ ಅಲ್ಲಿಯವರು ಕಲ್ಲಂಗಡಿಯನ್ನು ಕೊರೆಯುತ್ತಾರೆ. ಚೀನಾ ದೇಶದ ಯಾಂಗ್‌ಝೌ ಪಟ್ಟಣದಲ್ಲಿ ಕಲ್ಲಂಗಡಿ ಸಿಪ್ಪೆಯ ಮೇಲೆ ಮನುಷ್ಯರು, ಹೂಗಳು, ಮೀನುಗಳನ್ನು ಕೆತ್ತಿ ದೀಪ ಮಾಡುವ ಪದ್ಧತಿಯಿತ್ತೆಂದು ಲಿ ಡೌ ಎಂಬವನು 1795ರ ಸುಮಾರಿನ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆ ಕೆಲಸಕ್ಕೆ ಅಲ್ಲಿ ಇಂದಿಗೂ ಹೆಸರಿದೆ.

ನಮ್ಮ ಕಡೆ ಕೆತ್ತಿದ ಕಲ್ಲಂಗಡಿಯನ್ನು ನೋಡಬೇಕಾದರೆ ಮದುವೆ ಮಂಟಪಕ್ಕೆ ಹೋಗಬೇಕು. ಊಟದ ಮನೆಯ ಬಾಗಿಲಲ್ಲಿ ಮದುಮಕ್ಕಳ ಹೆಸರು ಕೆತ್ತಿ ಇಟ್ಟಿರುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ, ಮೇ ತಿಂಗಳಲ್ಲಿ ಕೂನೂರಿನ ಸಿಮ್ಸ್ ಪಾರ್ಕಿನ ಹಣ್ಣಿನ ಪ್ರದರ್ಶನಕ್ಕೆ ಜನ ಬಸ್ಸು ಕಟ್ಟಿಕೊಂಡು ಹೋಗುತ್ತಾರೆ. ನೀಲಗಿರಿಯ ಟೀ ತೋಟಗಳಲ್ಲಿರುವ ನಿಮ್ಮ ಬಂಧುಗಳು ಅದನ್ನು ಬಲ್ಲರು. ಅಲ್ಲೆಲ್ಲ ನಾವು ನೋಡುವವರು, ಇಲ್ಲವೇ ಮಂಟಪದ ಹಿಂದೆ ಪಾತ್ರೆ ತೊಳೆಯುವವರು. ಚೆಂದದ ವಸ್ತು ಬಂಗಲೆಗೆ, ಕಸ ಲೈನಿಗೆ ಎಂಬ ಅಭ್ಯಾಸ ನಮ್ಮ ಮಕ್ಕಳ ಮನಸ್ಸಿನಲ್ಲೂ ಕೂತುಬಿಟ್ಟಿದೆ. ಶನಿವಾರದ ಹತ್ತು ದೀಪಗಳು ಆ ಅಭ್ಯಾಸಕ್ಕೆ ಒಂದು ಸಣ್ಣ ಉತ್ತರ.

ಹಣ್ಣು ಆರಿಸುವುದು

ಇನ್ನು ಕೆಲಸಕ್ಕೆ ಬರೋಣ. ಕಾಫಿ ಹಣ್ಣಾದರೆ ಬಣ್ಣ ನೋಡಿ ಕೊಯ್ಯುತ್ತೀರಿ. ಕಲ್ಲಂಗಡಿ ಹಣ್ಣಾದದ್ದನ್ನು ಮೇಲಿನ ಹಸಿರಿನಲ್ಲಿ ಕಾಣಲಾಗದು. ಮೂರು ಗುರುತುಗಳಿವೆ. ನೆಲಕ್ಕೆ ತಾಗಿದ್ದ ಭಾಗದಲ್ಲಿ ಬಿಳಿ ಹೋಗಿ ಬೆಣ್ಣೆಯಂಥ ಹಳದಿ ಬಂದಿರಬೇಕು. ತೊಟ್ಟಿನ ಹತ್ತಿರದ ಎಳೆ ಬಳ್ಳಿಯ ಸುರುಳಿ ಒಣಗಿರಬೇಕು. ಬೆರಳಿನಿಂದ ತಟ್ಟಿದರೆ ಟಣ್ ಎನ್ನದೆ ಬೊದ್ ಎಂದು ಮಂದವಾಗಿ ಕೇಳಬೇಕು.

ತಿನ್ನುವುದಕ್ಕೆ ಇಷ್ಟು ಸಾಕು. ದೀಪಕ್ಕೆ ಇನ್ನೂ ಸ್ವಲ್ಪ ನೋಡಬೇಕು. ಬಿರುಕಿಲ್ಲದ, ಗುಂಡಗಿನ, ನಾಲ್ಕೈದು ಕಿಲೋ ತೂಕದ ಹಣ್ಣು ಒಳ್ಳೆಯದು. ತೀರಾ ಕಳಿತದ್ದು ಬೇಡ, ಅದು ಚಾಕು ತಾಗಿದ ಕೂಡಲೇ ಉದ್ದಕ್ಕೂ ಸಿಡಿದುಬಿಡುತ್ತದೆ. ಕಪ್ಪು ಹಸಿರಿನ ಶುಗರ್ ಬೇಬಿ ಜಾತಿಯ ಹಣ್ಣಿನ ಮೇಲೆ ಗೀರಿದ ಚಿತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ಅರ್ಕ ಮಾಣಿಕ್‌ನಂಥ ಪಟ್ಟೆ ಹಣ್ಣಾದರೆ, ಮೈಮೇಲಿನ ಪಟ್ಟೆಗಳೇ ಗೆರೆ ಎಳೆದುಕೊಟ್ಟಂತೆ ಮಕ್ಕಳಿಗೆ ದಾರಿ ತೋರಿಸುತ್ತವೆ.

ತೊಳೆದು, ತೆರೆದು, ತಿನ್ನುವುದು

ಮೊದಲ ಕೆಲಸ ತೊಳೆಯುವುದು. ಸಿಪ್ಪೆಯ ಮೇಲಿನ ಮಣ್ಣು ಚಾಕುವಿನ ಜೊತೆ ಒಳಗೆ ಹೋಗುತ್ತದೆ, ಅದರಿಂದಲೇ ಹೊಟ್ಟೆ ಕೆಡುವುದು. ಹಣ್ಣನ್ನು, ಚಾಕುವನ್ನು, ಕೈಯನ್ನು, ಮೂರನ್ನೂ ತೊಳೆಯಿರಿ. ಒರೆಸಿ ಒಣಗಿಸಿ, ಏಕೆಂದರೆ ಒದ್ದೆ ಸಿಪ್ಪೆ ಜಾರುತ್ತದೆ.

ಕೆಳಗೆ ಮಡಿಸಿದ ಗೋಣಿಚೀಲ ಹಾಕಿ ಹಣ್ಣನ್ನು ಅದರ ಮೇಲೆ ಇಡಿ. ತೊಡೆಯ ಮೇಲೆ ಇಟ್ಟುಕೊಂಡು ಯಾರೂ ಕೊಯ್ಯಬಾರದು. ತಳದಲ್ಲಿ ಕಾಗದದಷ್ಟು ತೆಳ್ಳಗೆ ಸಿಪ್ಪೆ ಹೆರೆದರೆ ಹಣ್ಣು ಉರುಳದೆ ಕೂರುತ್ತದೆ. ಒಳಗಿನ ಕೆಂಪು ಕಾಣುವಷ್ಟು ಆಳಕ್ಕೆ ಹೋದರೆ ರಸ ಸೋರಿ ಇರುವೆ ಮುತ್ತುತ್ತದೆ. ಆಮೇಲೆ ತೊಟ್ಟಿನ ಸುತ್ತ ಊಟದ ಬಟ್ಟಲಿನಷ್ಟು ಅಗಲ ಮುಚ್ಚಳ ಕೊಯ್ಯಬೇಕು. ಚಾಕುವನ್ನು ನೇರ ಇಳಿಸದೆ ನಡುವಿನ ಕಡೆಗೆ ಓರೆಯಾಗಿ ಹಿಡಿಯಿರಿ. ಆಗ ಮುಚ್ಚಳ ಒಳಗೆ ಬೀಳದೆ ಮೇಲೆಯೇ ಕೂರುತ್ತದೆ. ಈ ದೊಡ್ಡ ಕೊಯ್ತಗಳು ದೊಡ್ಡವರ ಕೆಲಸ.

ಈಗ ಮಕ್ಕಳ ಸರದಿ. ಚಮಚ, ಸೌಟು, ತೆಂಗಿನ ಚಿಪ್ಪು, ಏನಿದ್ದರೂ ಸರಿ, ತಿರುಳನ್ನು ತೋಡಿ ತೊಳೆದ ಪಾತ್ರೆಗೆ ಹಾಕಬೇಕು. ಐದು ಕಿಲೋ ಹಣ್ಣಿನಲ್ಲಿ ಎರಡೂವರೆ ಮೂರು ಕಿಲೋ ತಿರುಳು ಬರುತ್ತದೆ. ಹತ್ತು ಹಣ್ಣೆಂದರೆ ಇಪ್ಪತ್ತೈದು ಮೂವತ್ತು ಕಿಲೋ. ನೂರು ಮಂದಿ ಸೇರಿದರೂ ತಲಾ ಕಾಲು ಕಿಲೋ ಸಿಗುತ್ತದೆ. ಹಬ್ಬದ ಒಂದು ಹೋಳಿನ ಮಾತು ಹೇಳಿದ ನಮ್ಮ ಅಜ್ಜಿಗೆ ಮೊದಲ ಬಟ್ಟಲು ಹೋಗಬೇಕು.

ತೋಡಿದ ಹಣ್ಣನ್ನು ಬಿಸಿಲುಕಾಲದಲ್ಲಿ ಬಹಳ ಹೊತ್ತು ಇಡಬಾರದು. ನಮ್ಮ ಮನೆಗಳಲ್ಲಿ ಫ್ರಿಜ್ ಇಲ್ಲದವರೇ ಹೆಚ್ಚು. ಮುಚ್ಚಿಟ್ಟು, ಒಂದು ಒಂದೂವರೆ ಗಂಟೆಯೊಳಗೆ ತಿಂದು ಮುಗಿಸಬೇಕು. ಅದಕ್ಕೇ ನಾವು ಹೊತ್ತು ಹೀಗೆ ಗೊತ್ತುಮಾಡಿದ್ದೇವೆ. ನಾಲ್ಕು ಗಂಟೆಗೆ ಹಣ್ಣು ತೆರೆಯುವುದು, ನಾಲ್ಕೂವರೆಗೆ ಎಲ್ಲರೂ ಕೂತು ತಿನ್ನುವುದು, ಐದಕ್ಕೆ ಕೆತ್ತನೆ, ಕತ್ತಲಾಗುವ ಹೊತ್ತಿಗೆ ದೀಪ.

ಬೀಜ ಎಸೆಯಬೇಡಿ. ತೊಳೆದು, ಒಣಗಿಸಿ, ಹುರಿದರೆ ಮಕ್ಕಳಿಗೆ ಒಳ್ಳೆಯ ತಿಂಡಿ, ಅದರಲ್ಲಿ ಎಣ್ಣೆಯ ಅಂಶವೂ ಪುಷ್ಟಿಯೂ ಇದೆ. ಕೆಂಪು ತಿರುಳು ತೆಗೆದ ಮೇಲೆ ಒಳಗೆ ದಪ್ಪ ಬಿಳಿ ಭಾಗ ಉಳಿಯುತ್ತದೆ. ದೀಪಕ್ಕೆ ಒಂದು ಬೆರಳಿನಷ್ಟು ದಪ್ಪ ಗೋಡೆ ಸಾಕು. ಅದಕ್ಕಿಂತ ಹೆಚ್ಚಿರುವುದನ್ನು ಕೆರೆದು ತೆಗೆಯಿರಿ. ಅದು ಸೌತೆಕಾಯಿಯಂತೆಯೇ ಬೇಯುತ್ತದೆ. ಪಲ್ಯ ಮಾಡಬಹುದು, ಬೇಳೆಯ ಜೊತೆ ಹುಳಿ ಮಾಡಬಹುದು. ಮಂಗಳೂರು ಕಡೆಯವರು ನೆನೆಸಿದ ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ಯುತ್ತಾರೆ, ಮೆತ್ತಗೆ ಚೆನ್ನಾಗಿರುತ್ತದೆ. ಐದು ಸಾವಿರ ಮಂದಿ ತಿಂದು ತೃಪ್ತರಾದ ಮೇಲೂ ಉಳಿದ ತುಂಡುಗಳನ್ನು ಕೂಡಿಸಿರಿ ಎಂದು ಕರ್ತನು ಹೇಳಿದ್ದನ್ನು ನಾವು ಓದಿದ್ದೇವೆ. ಸಮೃದ್ಧಿಯಿದ್ದಾಗಲೂ ತುಂಡನ್ನು ಲೆಕ್ಕಕ್ಕೆ ಹಿಡಿಯುವುದು ಜಿಪುಣತನವಲ್ಲ, ಅದು ದುಡಿದವರಿಗೆ ತೋರಿಸುವ ಮರ್ಯಾದೆ.

ಕೆತ್ತುವುದು

ಖಾಲಿಯಾದ ಬುರುಡೆಯನ್ನು ಬೋರಲು ಹಾಕಿ ಹದಿನೈದು ನಿಮಿಷ ಬಿಡಿ. ಒಳಗಿನ ನೀರು ಇಳಿಯುತ್ತದೆ. ಹಳೇ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಒಳಗೆ ಕೆಂಪು ತಿರುಳು ಉಳಿದಿದ್ದರೆ ನೊಣ ಬರುತ್ತದೆ, ಬೆಳಕೂ ಮಂಕಾಗುತ್ತದೆ.

ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಲಿ. ಆ ಕಾಗದವನ್ನು ಹಣ್ಣಿನ ಮೇಲೆ ಅಂಟಿಸಿ, ಗೆರೆಯ ಉದ್ದಕ್ಕೂ ಗುಂಡುಸೂಜಿಯಿಂದ ಚುಕ್ಕೆ ಚುಕ್ಕೆಯಾಗಿ ಚುಚ್ಚಿದರೆ ಸಿಪ್ಪೆಯ ಮೇಲೆ ಚಿತ್ರ ಇಳಿಯುತ್ತದೆ. ಏನು ಬರೆಯಬೇಕು ಎಂದು ಮಕ್ಕಳು ಕೇಳಿದರೆ ಸಿನಿಮಾದವರ ಮುಖವೇ ಬೇಕಾಗಿಲ್ಲ. ಐದು ಎಸಳಿನ ಕಾಫಿ ಹೂವಿದೆ. ಮಾವಿನ ಎಲೆಯಿದೆ. ನಕ್ಷತ್ರ, ಮೀನು, ರೈಲು ಇವೆ. ಅಮ್ಮ ಕೊಯ್ಲಿಗೆ ಕಟ್ಟಿಕೊಳ್ಳುವ ಬುಟ್ಟಿಯನ್ನು ಬರೆದರೂ ಚೆಂದ.

ಕೆತ್ತುವುದಕ್ಕೆ ಎರಡು ದಾರಿ. ಒಂದು, ಗೋಡೆಯನ್ನು ಪೂರ್ತಿ ತೂತು ಮಾಡುವುದು. ಬೆಳಕು ಚುಕ್ಕೆಗಳಾಗಿ ಹೊರಗೆ ಬಂದು ನೆಲದ ಮೇಲೆ ಬೀಳುತ್ತದೆ. ಎರಡು ತೂತುಗಳ ನಡುವೆ ಹೆಬ್ಬೆರಳಿನ ಅಗಲ ಬಿಡಬೇಕು, ಇಲ್ಲದಿದ್ದರೆ ಗೋಡೆ ಕುಸಿಯುತ್ತದೆ. ಇನ್ನೊಂದು, ಮೇಲಿನ ಹಸಿರು ತೊಗಲನ್ನು ಮಾತ್ರ ಹೆರೆದು ಕೆಳಗಿನ ಬಿಳಿಯನ್ನು ಹಾಗೇ ಬಿಡುವುದು. ಹಗಲಿನಲ್ಲಿ ಅದು ಬಿಳಿ ಚಿತ್ರ. ರಾತ್ರಿ ದೀಪ ಹಚ್ಚಿದಾಗ ಆ ಬಿಳಿ ಭಾಗ ಎಳೆಹಳದಿಯಾಗಿ ಹೊಳೆಯುತ್ತದೆ, ಹೆರೆಯದ ಹಸಿರು ಕತ್ತಲಾಗಿ ಉಳಿಯುತ್ತದೆ. ಇದಕ್ಕೆ ಗೋಡೆ ಇನ್ನೂ ಸ್ವಲ್ಪ ತೆಳ್ಳಗಿರಬೇಕು. ಚಿಕ್ಕವರಿಗೆ ಈ ಎರಡನೆಯ ದಾರಿಯೇ ವಾಸಿ. ಚಾಕು ಬೇಕಾಗಿಲ್ಲ, ಚಮಚದ ಅಂಚೋ ದಪ್ಪ ಮೊಳೆಯೋ ಸಾಕು.

ಹತ್ತು ವರ್ಷದ ಒಳಗಿನವರು ಚಿತ್ರ ಬರೆಯಲಿ, ತಿರುಳು ತೋಡಲಿ, ಚುಕ್ಕೆ ಚುಚ್ಚಲಿ. ಹನ್ನೆರಡು ದಾಟಿದವರು ಸಣ್ಣ ಚಾಕು ಹಿಡಿಯಬಹುದು, ಆದರೆ ಪಕ್ಕದಲ್ಲಿ ಒಬ್ಬ ದೊಡ್ಡವರು ಕೂತಿರಬೇಕು. ಮೊಂಡು ಚಾಕು ಹರಿತದ ಚಾಕುವಿಗಿಂತ ಅಪಾಯ, ಏಕೆಂದರೆ ಅದನ್ನು ಬಲವಾಗಿ ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ. ಚಾಕುವಿನ ಬಾಯಿ ಯಾವಾಗಲೂ ಹಿಡಿದ ಕೈಯಿಂದ ಆಚೆಗೆ ಹೋಗಬೇಕು. ಒಂದು ಹಣ್ಣಿಗೆ ಒಂದೇ ಚಾಕು. ಶುದ್ಧ ಬಟ್ಟೆ, ಗಾಯದ ಪಟ್ಟಿ ಹತ್ತಿರವಿರಲಿ.

ಬೆಂಕಿಯ ವಿಷಯ

ಇದನ್ನು ನೀವೆಲ್ಲರೂ ಗಮನವಿಟ್ಟು ಕೇಳಬೇಕು. ನಮ್ಮ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಕೆಲವರ ಮಾಡು ಗರಿಯದು, ಕೆಲವರು ಪ್ಲಾಸ್ಟಿಕ್ ತಾಡಪಾಲು ಹಾಕಿದ್ದಾರೆ. ಒಂದು ಕಿಡಿ ಸಾಕು. ಆದುದರಿಂದ ದೀಪಗಳೆಲ್ಲ ತೆರೆದ ಅಂಗಳದಲ್ಲೇ ಇರಬೇಕು, ಕಲ್ಲಿನ ಮೇಲೆ ಅಥವಾ ನೆಲದ ಮೇಲೆ. ಯಾರೂ ಮನೆಯೊಳಗೆ ಒಯ್ಯಬಾರದು, ಸೂರಿಗೆ ತೂಗು ಹಾಕಬಾರದು. ಖಾಲಿ ಬುರುಡೆಯೇ ಎರಡು ಕಿಲೋ ತೂಗುತ್ತದೆ, ದಾರ ಸಿಪ್ಪೆಯನ್ನು ಸೀಳಿಕೊಂಡು ಬಂದುಬಿಡುತ್ತದೆ.

ಬ್ಯಾಟರಿಯ ಪುಟ್ಟ ದೀಪಗಳೇ ನಮ್ಮ ಮೊದಲ ಆಯ್ಕೆ. ಆದರೆ ಅವುಗಳ ಗುಂಡಿಯಂಥ ಬ್ಯಾಟರಿ ಕೂಸುಗಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ನುಂಗಿದರೆ ಅದು ಒಳಗೆ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕರೆಂಟಿನ ವೈರನ್ನು ಒದ್ದೆ ಹಣ್ಣಿನೊಳಗೆ ಯಾರೂ ಬಿಡಬೇಡಿ. ಹಣತೆ ಅಥವಾ ಮೋಂಬತ್ತಿ ಇಡುವುದಾದರೆ ಗಿಡ್ಡದ್ದನ್ನು ಒಂದು ಮಣ್ಣಿನ ತಟ್ಟೆಯಲ್ಲಿ ನಿಲ್ಲಿಸಿ ಇಡಿ. ಮುಚ್ಚಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಇರಬೇಕು. ಗಾಳಿಯಿಲ್ಲದಿದ್ದರೆ ದೀಪ ಆರುತ್ತದೆ, ಮುಚ್ಚಳವೂ ಕರಿಯುತ್ತದೆ. ಮಕ್ಕಳ ಉದ್ದ ಲಂಗ, ಬಿಟ್ಟ ಕೂದಲು, ದುಪಟ್ಟಾ ದೀಪದಿಂದ ದೂರವಿರಲಿ. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಅಂಗಳದಲ್ಲಿ ಇರುತ್ತದೆ. ಇಬ್ಬರು ಯುವಕರು ದೀಪ ಆರುವ ತನಕ ಅಲ್ಲೇ ಕಾವಲಿರುತ್ತಾರೆ.

ಈ ಗೂಡುದೀಪಕ್ಕೆ ಆಯುಸ್ಸು ಒಂದೇ ರಾತ್ರಿ. ಮರುದಿನದ ಸೆಕೆಗೆ ಅದು ಮೆತ್ತಗಾಗಿ ಹುಳಿನಾತ ಬರುತ್ತದೆ. ಆದುದರಿಂದ ಬೆಳಗ್ಗೆಯೇ ಮೋಂಬತ್ತಿಯ ಮೇಣ, ಮೊಳೆ, ಸೂಜಿ ಉಳಿದಿಲ್ಲವೆಂದು ನೋಡಿ ತುಂಡು ಮಾಡಿ ಹಸು ಮೇಕೆಗಳಿಗೆ ಹಾಕೋಣ. ಉಳಿದದ್ದು ಗೊಬ್ಬರದ ಗುಂಡಿಗೆ. ಹೀಗೆ ಲೆಕ್ಕ ಹಾಕಿ ನೋಡಿ. ತಿರುಳು ಮಕ್ಕಳಿಗೆ, ಬಿಳಿ ಭಾಗ ಅಡುಗೆಗೆ, ಬೀಜ ಹುರಿಯುವುದಕ್ಕೆ, ಬುರುಡೆ ಬೆಳಕಿಗೆ, ಬೆಳಗ್ಗೆ ದನಕ್ಕೆ. ಎಸೆಯುವುದಕ್ಕೆ ಏನು ಉಳಿಯಿತು?

ರಜೆ ಯಾರದು?

ಕೊನೆಗೆ, ಇಷ್ಟೆಲ್ಲ ಏಕೆ ಎಂಬ ಮಾತು. ಏಪ್ರಿಲ್, ಮೇ ತಿಂಗಳು ಸ್ಕೂಲಿಗೆ ರಜೆ. ನಮಗೆ ರಜೆಯಿಲ್ಲ. ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಲೈನಿನಲ್ಲಿ ಮಕ್ಕಳು ಮಾತ್ರ. ದೊಡ್ಡ ಹುಡುಗಿ ಚಿಕ್ಕವರನ್ನು ನೋಡಿಕೊಳ್ಳುತ್ತಾಳೆ, ದೊಡ್ಡ ಹುಡುಗನನ್ನು ಯಾರೋ ಬಂದು “ಎರಡು ತಿಂಗಳು ಕಳಿಸಿ, ಕೈಗೆ ಕಾಸು ಸಿಗುತ್ತೆ” ಎಂದು ಕರೆಯುತ್ತಾರೆ. ಹಾಗೆ ಹೋದ ಎಷ್ಟೋ ಮಕ್ಕಳು ಜೂನ್ ತಿಂಗಳಲ್ಲಿ ಸ್ಕೂಲಿಗೆ ಮರಳುವುದಿಲ್ಲ. ರಜೆಯ ಕೆಲಸ ಎಂಬ ಹೆಸರಿನಲ್ಲಿ ಓದು ಮುಗಿದುಹೋಗುತ್ತದೆ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧವೆಂದು 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಮಾಡಿದ ತಿದ್ದುಪಡಿ ಹೇಳುತ್ತದೆ. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಮುಂಗಡ ಕೊಟ್ಟು ಮಗುವನ್ನು ಒಯ್ಯಲು ಯಾರಾದರೂ ಬಂದರೆ ಸಂಘಕ್ಕೆ ಒಂದು ಮಾತು ತಿಳಿಸಿ, ನಾವು ಜೊತೆಯಲ್ಲಿ ನಿಲ್ಲುತ್ತೇವೆ.

ಆಟ ಮನರಂಜನೆ ಎಂಬುದು ಯಾರೋ ದಯದಿಂದ ಕೊಡುವ ವಸ್ತುವಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಮನೆ, ಔಷಧಿ, ಕೂಸುಗಳ ಪಾಲನಾಗೃಹ, ಇವುಗಳ ಸಾಲಿನಲ್ಲೇ ಮನರಂಜನೆಯ ಸೌಕರ್ಯವನ್ನೂ ಬರೆದಿದ್ದರು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಹೊಸ ಸಂಹಿತೆ ಬಂದಿದೆ, ಅದರಲ್ಲೂ ತೋಟದ ಕೆಲಸಗಾರರ ಈ ಸೌಕರ್ಯ ಉಳಿದಿದೆ. ದುಡಿಯುವ ಮನುಷ್ಯನಿಗೆ ಅನ್ನದಷ್ಟೇ ಸಂತೋಷವೂ ಬೇಕೆಂದು ಕಾನೂನು ಮಾಡಿದವರಿಗೂ ಗೊತ್ತಿತ್ತು. ಕಾನೂನಿನ ಪ್ರಕಾರ ಬರಬೇಕಾದುದನ್ನು ನಾವು ಕೇಳುತ್ತಲೇ ಇರೋಣ. ಬರುವ ತನಕ ನಮ್ಮ ಮಕ್ಕಳ ಬಾಲ್ಯ ಕಾಯುವುದಿಲ್ಲ, ಆದುದರಿಂದ ನಮ್ಮ ಕೈಲಾದುದನ್ನು ನಾವು ಮಾಡೋಣ.

ಒಂದು ಹಣ್ಣನ್ನು ಎದುರಿಗೆ ಇಟ್ಟುಕೊಂಡು ಕೂತ ಮಗುವನ್ನು ನೋಡಿ. ಏನು ಮಾಡಬೇಕೆಂದು ಯಾವ ಮೇಸ್ತ್ರಿಯೂ ಅದಕ್ಕೆ ಹೇಳುತ್ತಿಲ್ಲ. ಎಷ್ಟು ಕಿಲೋ ಆಯಿತೆಂದು ಯಾರೂ ತೂಗುತ್ತಿಲ್ಲ. ತನಗೆ ತೋಚಿದ ಹೂವನ್ನು ತಾನೇ ಕೆತ್ತುತ್ತದೆ, ರಾತ್ರಿ ಅದು ಹೊಳೆದಾಗ “ಇದು ನಂದು” ಎನ್ನುತ್ತದೆ. ನಮ್ಮ ಕೈಗಳು ಜೀವಮಾನವೆಲ್ಲ ಬೇರೆಯವರ ವಸ್ತುವನ್ನೇ ಮಾಡಿವೆ. ಮಕ್ಕಳ ಕೈ ಒಂದು ಸಂಜೆಯಾದರೂ ತಮ್ಮದನ್ನು ಮಾಡಲಿ.

ಶನಿವಾರ ಬರುವಾಗ ಪ್ರತಿ ಮನೆಯವರೂ ಒಂದು ಚಮಚ, ಒಂದು ಬಟ್ಟಲು, ಒಂದು ಹಳೇ ಬಟ್ಟೆ ತನ್ನಿ. ಗೋಣಿಚೀಲ ಇದ್ದವರು ಅದನ್ನೂ ತನ್ನಿ. ಹರಿತದ ಸಣ್ಣ ಚಾಕು ಇರುವ ದೊಡ್ಡವರು ಹತ್ತು ಜನ ಬೇಕು, ಇಂದೇ ಹೆಸರು ಕೊಡಿ. ಬಿಳಿ ಭಾಗವನ್ನು ಒಯ್ದು ದೋಸೆ ಮಾಡಿ ಭಾನುವಾರ ಬೆಳಗ್ಗೆ ತರಬಲ್ಲ ಅಕ್ಕಂದಿರೂ ಮುಂದೆ ಬನ್ನಿ. ಹಣ್ಣಿನ ಹಣಕ್ಕೆ ಕೊಟ್ಟವರ ಲೆಕ್ಕವನ್ನು ಕೂಟದ ದಿನವೇ ಓದಿ ಹೇಳುತ್ತೇವೆ.

ಸಂಜೆ ನಾಲ್ಕಕ್ಕೆ ಸರಿಯಾಗಿ ಬನ್ನಿ.